ಹೆಂಗಸರ ಮಸೀದಿ, ಹೆಣ್ಣು ಅಹೊಂಗ್

ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಕೈಫೆಂಗ್ ಎಂಬ ಹಳೆಯ ಊರಿದೆ. ಅಲ್ಲಿನ ವಾಂಗ್‌ಜಿಯಾ ಗಲ್ಲಿಯ ಹೆಂಗಸರ ಮಸೀದಿ 1820ರದ್ದು ಎಂದು ಲೆಕ್ಕ ಹಾಕುತ್ತಾರೆ. ಮಧ್ಯ ಚೀನಾದ ಹುಯಿ ಮುಸ್ಲಿಮರಲ್ಲಿ ಇಂಥ ಮಸೀದಿಗಳಿಗೆ ‘ನ್ಯುಸಿ’ ಎಂದು ಹೆಸರು. ಗಂಡಸರ ಮಸೀದಿಯ ಮೂಲೆಯಲ್ಲಿ ಪರದೆ ಎಳೆದು ಬಿಟ್ಟುಕೊಟ್ಟ ಜಾಗ ಇದಲ್ಲ. ಇದಕ್ಕೆ ಬೇರೆ ಬಾಗಿಲು, ಬೇರೆ ಅಂಗಳ, ಬೇರೆ ನೀರಿನ ಕೋಣೆ, ಪಾಠದ ಕೋಣೆ ಎಲ್ಲ ಇರುತ್ತವೆ. ಮಿನಾರ್ ಸಾಮಾನ್ಯವಾಗಿ ಇರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಒಂದು ಹಳೆಯ ಮನೆ ಅನ್ನಿಸಬಹುದು. ಒಳಗೆ ಎಲ್ಲವನ್ನೂ ನೋಡಿಕೊಳ್ಳುವವರು ಒಬ್ಬ ಹೆಂಗಸು, ಅಲ್ಲಿನವರ ಮಾತಿನಲ್ಲಿ ‘ನ್ಯು ಅಹೊಂಗ್’. ಅಹೊಂಗ್ ಅಂದರೆ ಆ ಕಡೆಯ ಮೌಲವಿ.

ಮುಸ್ಲಿಂ ಹೆಣ್ಣುಮಕ್ಕಳು ನಮಾಜಿಗೆ ಇಮಾಮ್ ಆಗಬಹುದೇ ಎಂಬ ಮಾತು ಬಂದರೆ ಚರ್ಚೆ ಸೀದಾ ನ್ಯೂಯಾರ್ಕಿಗೆ ಹೋಗುತ್ತದೆ. 2005ರ ಮಾರ್ಚ್ 18ರಂದು ಅಮೆರಿಕದ ವಿದ್ವಾಂಸೆ ಅಮೀನಾ ವದೂದ್ ಅಲ್ಲಿ ಗಂಡಸರೂ ಹೆಂಗಸರೂ ಸೇರಿದ್ದ ಶುಕ್ರವಾರದ ನಮಾಜನ್ನು ನಡೆಸಿಕೊಟ್ಟರು. 2018ರ ಜನವರಿ 26ರಂದು ನಮ್ಮ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಜಮೀದಾ ಅವರು ಜುಮಾ ನಡೆಸಿದಾಗಲೂ ಟಿವಿಗಳಲ್ಲಿ ಅದೇ ಮಾತು. ಅವರಿಬ್ಬರ ಧೈರ್ಯ ದೊಡ್ಡದು. ಆದರೆ ಆ ಚರ್ಚೆಯೊಳಗೆ ಕೈಫೆಂಗ್‌ನ ಅಹೊಂಗ್‌ಗಳು ಕಾಣಿಸುವುದೇ ಇಲ್ಲ. ಅವರು ಗಂಡಸರ ಮುಂದೆ ನಿಂತವರಲ್ಲ, ಹಾಗೆ ನಿಲ್ಲಬೇಕೆಂದು ಕೇಳಿದವರೂ ಅಲ್ಲ. ತಲೆಮಾರುಗಳಿಂದ ಹೆಂಗಸರಿಗೆ ನಮಾಜ್ ಹೇಳಿಕೊಟ್ಟಿದ್ದಾರೆ, ಸತ್ತವರನ್ನು ಮೀಯಿಸಿದ್ದಾರೆ, ಮನೆಯ ಜಗಳಕ್ಕೆ ಬುದ್ಧಿ ಹೇಳಿದ್ದಾರೆ. ಅದು ನಿಂತು ಹೋಗದೆ ನಡೆದದ್ದಕ್ಕೆ ಕಾರಣ ಯಾರೋ ಕೊಟ್ಟ ಒಂದು ಫತ್ವಾ ಅಂತ ನನಗೆ ಅನ್ನಿಸುವುದಿಲ್ಲ. ಆ ಕೆಲಸಕ್ಕೆ ಒಂದು ಜಾಗ ಇತ್ತು, ಒಂದು ಹುದ್ದೆ ಇತ್ತು, ಕೈಗೆ ಒಂದಿಷ್ಟು ಕಾಸು ಬರುತ್ತಿತ್ತು. ಈ ಮೂರು ಇಲ್ಲದ ಕಡೆ ಎಷ್ಟೇ ಓದಿದ ಆಲಿಮಾ (ಧರ್ಮ ವಿದ್ವಾಂಸೆ) ಇದ್ದರೂ ಅವರ ವಿದ್ಯೆ ಅವರ ಜತೆಗೇ ಮುಗಿಯುತ್ತದೆ.

ಇದು ಶುರುವಾದದ್ದು ಭಯದಿಂದ. ಮಿಂಗ್ ರಾಜವಂಶದ ಕಾಲದ ಹೊತ್ತಿಗೆ ಹುಯಿಗಳು ಚೀನೀ ಮಾತು, ಚೀನೀ ಹೆಸರು, ಚೀನೀ ಉಡುಗೆಗೆ ಒಗ್ಗಿಹೋಗಿದ್ದರು. ಅರಬ್ಬಿ, ಪಾರಸಿ ಓದಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದರು. ಶಾನ್‌ಶಿ ಪ್ರಾಂತ್ಯದ ಹು ಡೆಂಗ್‌ಜೋ (1522–1597) ಮಸೀದಿಗಳಲ್ಲೇ ಪಾಠಶಾಲೆ ನಡೆಸುವ ಪದ್ಧತಿ ಹಾಕಿಕೊಟ್ಟರು. ಗಂಡುಮಕ್ಕಳು ಓದಿದರೂ ಮನೆಯಲ್ಲಿ ತಾಯಿಗೆ ಗೊತ್ತಿಲ್ಲದಿದ್ದರೆ ಮಗುವಿನ ಕಿವಿಗೆ ಕಲಿಮಾ ಎಂಬ ನಂಬಿಕೆಯ ವಾಕ್ಯ ಬೀಳುವುದು ಹೇಗೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಹೀಗೆ ಹದಿನೇಳನೇ ಶತಮಾನದ ಹೊತ್ತಿಗೆ ಹೆಂಗಸರ ಪಾಠಶಾಲೆಗಳು ಹುಟ್ಟಿದವು. ಪಾಠಕ್ಕೆ ಸೇರಿದವರು ಹೊತ್ತಾದಾಗ ಅಲ್ಲೇ ನಮಾಜ್ ಮಾಡಿದರು. ಮುಂದಿನ ಶತಮಾನದ ಕೊನೆಯ ಹೊತ್ತಿಗೆ ಪಾಠಶಾಲೆಗಳೇ ಮಸೀದಿಗಳಾದವು. ಮೊದಲು ಪಾಠ, ಆಮೇಲೆ ನಮಾಜ್: ಈ ಅನುಕ್ರಮ ಇವತ್ತಿಗೂ ಆ ಕಟ್ಟಡಗಳ ಸ್ವಭಾವದಲ್ಲಿದೆ.

ಮಸೀದಿಯೊಳಗೆ ಮೊದಲು ಸಿಗುವುದು ನೀರಿನ ಕೋಣೆ. ಅಹೊಂಗ್ ಮೊದಲು ಕಲಿಸುವುದೂ ಅಲ್ಲೇ. ಹುಯಿಗಳು ನಿಂತ ನೀರಲ್ಲಿ ಕೈ ಅದ್ದಿ ತೊಳೆಯುವುದಿಲ್ಲ, ಹರಿಯುವ ನೀರೇ ಬೇಕು. ವುಜೂ ಮಾಡಲು, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು, ಉದ್ದ ಮೂತಿಯ ಗಿಂಡಿ. ಗುಸುಲ್‌ಗೆ, ಅಂದರೆ ಇಡೀ ಮೈ ಮೀಯಲು, ಮೇಲೆ ತೂಗುಹಾಕಿದ ಪಾತ್ರೆ. ಅದರ ತಳದಲ್ಲಿ ಒಂದು ತೂತು, ತೂತಿಗೆ ಬಿರಡೆ. ಬಿರಡೆ ತೆಗೆದರೆ ಸಣ್ಣ ಧಾರೆ ಬೀಳುತ್ತದೆ, ಒಂದೇ ಪಾತ್ರೆ ನೀರಲ್ಲಿ ಇಡೀ ಮೈ ತೊಳೆಯಬಹುದು. ಹೊಸದಾಗಿ ಬಂದವರು ಸಾಮಾನ್ಯವಾಗಿ ತಪ್ಪುವ ಜಾಗಗಳನ್ನು ಆಕೆ ಬೆರಳಿಟ್ಟು ತೋರಿಸುತ್ತಾರೆ: ಬಿಗಿಯಾದ ಉಂಗುರದ ಕೆಳಗೆ, ಹೊಕ್ಕಳಿನ ಒಳಗೆ, ಓಲೆಯ ತೂತಿನಲ್ಲಿ, ಕೂದಲ ಬುಡದಲ್ಲಿ. ಹೆಣೆದ ಜಡೆ ಬಿಚ್ಚಬೇಕಾಗಿಲ್ಲ, ಬುಡ ನೆನೆದರೆ ಸಾಕು ಎಂದು ಹನಫಿ ಪಂಥದ ಪುಸ್ತಕಗಳು ಹೇಳುತ್ತವೆ. ಉಗುರುಬಣ್ಣ ಇದ್ದರೆ ನೀರು ಕೆಳಗಿಳಿಯುವುದಿಲ್ಲ, ಅದನ್ನು ತೆಗೆಯಲೇಬೇಕು. ಮುಟ್ಟಿನ ಹತ್ತನೇ ದಿನ ದಾಟಿದರೆ ಏನು, ಬಾಣಂತಿಗೆ ನಲವತ್ತು ದಿನಕ್ಕೆ ಮೊದಲೇ ಸ್ರಾವ ನಿಂತರೆ ನಮಾಜ್ ಯಾವಾಗಿಂದ, ಇಂಥವನ್ನು ಒಬ್ಬ ಗಂಡಸು ಇಮಾಮರ ಮುಂದೆ ನಿಂತು ಎಷ್ಟು ಜನ ಕೇಳಿಯಾರು? ಹೆಣ್ಣು ಅಹೊಂಗ್ ಇರುವುದೇ ಯಾಕೆ ಅನ್ನುವವರಿಗೆ ಈ ನೀರಿನ ಕೋಣೆಯೇ ಮೊದಲ ಉತ್ತರ.

ಇನ್ನು ನಮಾಜ್. ಹುಯಿಗಳು ಹನಫಿಗಳು. ಹನಫಿ ಮಜ್ಹಬ್‌ನಲ್ಲಿ, ಅಂದರೆ ಆ ಧರ್ಮಶಾಸ್ತ್ರದ ಪಂಥದಲ್ಲಿ, ಹೆಂಗಸರದೇ ಜಮಾಅತ್ (ಒಟ್ಟಾಗಿ ಮಾಡುವ ನಮಾಜ್) ಮಕ್ರೂಹ್. ಮಾಡಿದರೆ ನಮಾಜ್ ಆಗುತ್ತದೆ, ಆದರೆ ಮಾಡುವುದು ಮೆಚ್ಚುಗೆಯದಲ್ಲ. ಶಾಫಿ ಮತ್ತು ಹಂಬಲಿಗಳಲ್ಲಿ ಅದು ಒಳ್ಳೆಯ ಕೆಲಸ. ಮಾಲಿಕಿಗಳು ಒಪ್ಪುವುದಿಲ್ಲ. ಮೊರೊಕ್ಕೊ ಸರ್ಕಾರ 2006ರಿಂದ ಮುರ್ಶಿದಾತ್ ಎಂಬ ಹೆಣ್ಣು ಮಾರ್ಗದರ್ಶಕರನ್ನು ತರಬೇತಿ ಕೊಟ್ಟು ನೇಮಿಸುತ್ತ ಬಂದಿದ್ದರೂ ಅವರಿಗೆ ಇಮಾಮತ್ ಇಲ್ಲದಿರುವುದಕ್ಕೆ ಅಲ್ಲಿನ ಮಾಲಿಕಿ ನಿಲುವು ಕಾರಣ. ನಮ್ಮಲ್ಲಿ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು; ಘಟ್ಟದ ಮೇಲಿನ ದಖ್ಖನಿ ಮಾತಿನವರಲ್ಲಿ ಹೆಚ್ಚಿನವರು ಹನಫಿಗಳು. ಹಾಗಾಗಿ ಮಂಗಳೂರಿನಲ್ಲಿ ಸಹಜವಾಗಿ ಕಾಣುವುದು ಕಲಬುರಗಿಯಲ್ಲಿ ಹುಬ್ಬೇರಿಸುವಂತೆ ಮಾಡಬಹುದು. ಎರಡೂ ಕಡೆಯವರು ತಮ್ಮ ತಮ್ಮ ಕಿತಾಬಿನ ಪ್ರಕಾರವೇ ನಡೆಯುತ್ತಿದ್ದಾರೆ ಎಂಬುದು ಗೊತ್ತಿದ್ದರೆ ಅರ್ಧ ಜಗಳ ಇರುವುದಿಲ್ಲ.

ಆಧಾರಗಳು ಹಳೆಯವೇ. ಪ್ರವಾದಿಯವರ ಮಡದಿಯರಾದ ಹಜ್ರತ್ ಆಯಿಶಾ ಮತ್ತು ಉಮ್ಮು ಸಲಮಾ ಹೆಂಗಸರ ನಡುವೆ ನಿಂತು ನಮಾಜ್ ನಡೆಸಿದ ವರದಿಗಳಿವೆ. ಕುರ್‌ಆನ್ ಬಲ್ಲ ಉಮ್ಮು ವರಕಾ ಅವರಿಗೆ ಪ್ರವಾದಿಯವರು ಅಜಾನ್ ಕೂಗುವ ಒಬ್ಬ ಮುಅಜ್ಜಿನನ್ನು ಗೊತ್ತುಮಾಡಿ, ಅವರ ಮನೆಯವರಿಗೆ ಇಮಾಮ್ ಆಗಲು ಹೇಳಿದರೆಂದು ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ. ಆ ಮುಅಜ್ಜಿನ್ ಒಬ್ಬ ಮುದುಕ. ಅವನೂ ಹಿಂದೆ ನಿಂತನೋ ಇಲ್ಲವೋ ಎಂಬುದರ ಮೇಲೇ ಇವತ್ತಿನ ದೊಡ್ಡ ವಾದಗಳು ನಿಂತಿವೆ.

ಹನಫಿಗಳಾದ ಹುಯಿ ಹೆಂಗಸರು ಇದನ್ನು ಹೇಗೆ ನಿಭಾಯಿಸುತ್ತಾರೆ? ಎಲ್ಲ ಕಡೆ ಒಂದೇ ರೀತಿ ಇಲ್ಲ. ಕೆಲವು ಕಡೆ ಅಹೊಂಗ್ ಮೊದಲ ಸಾಲಿನ ನಡುವೆ ನಿಂತು ನಮಾಜ್ ನಡೆಸುತ್ತಾರೆ. ಇನ್ನು ಕೆಲವು ಕಡೆ ಹತ್ತಿರದ ಗಂಡಸರ ಮಸೀದಿಯಿಂದ ಸ್ಪೀಕರ್ ಎಳೆದು, ಅಲ್ಲಿನ ಇಮಾಮರ ಧ್ವನಿ ಹಿಡಿದು ಮಾಡುತ್ತಾರೆ. ಜುಮಾದ ಖುತ್ಬಾ (ಪ್ರವಚನ), ಸತ್ತವರಿಗಾಗಿ ಮಾಡುವ ಜನಾಜಾ ನಮಾಜ್ ಎರಡೂ ಗಂಡಸರ ಮಸೀದಿಯ ಕೆಲಸ. ಉಪದೇಶ ಮಾತ್ರ ಎಲ್ಲ ಕಡೆಯೂ ಆಕೆಯದೇ.

ಹೆಂಗಸರ ಜಮಾಅತ್ ನಡೆಸುವವರು ಮುಂದೆ ನಿಲ್ಲುವುದಿಲ್ಲ. ಸಾಲಿನ ಸರಿ ನಡುವೆ, ಅಕ್ಕಪಕ್ಕದವರ ಭುಜಕ್ಕೆ ಭುಜ ಸೇರಿಸಿ ನಿಲ್ಲುತ್ತಾರೆ. ಇಬ್ಬರೇ ಇದ್ದರೆ ಎರಡನೆಯವರು ಬಲಕ್ಕೆ. ಮೂರನೆಯವರು ಬಂದರೆ ಎಡಕ್ಕೆ. ಆಮೇಲೆ ಬಂದವರು ನಡುವಿನಿಂದ ಎರಡೂ ಕಡೆ ಸಾಲು ತುಂಬುತ್ತ ಹೋಗಬೇಕು. ಫಜರ್ (ಬೆಳಗಿನ), ಮಗ್ರಿಬ್ (ಸಂಜೆಯ), ಇಶಾ (ರಾತ್ರಿಯ) ನಮಾಜುಗಳ ಮೊದಲ ಎರಡು ರಕಾತ್‌ಗಳಲ್ಲಿ, ಅಂದರೆ ಸುತ್ತುಗಳಲ್ಲಿ, ಓದು ಕೇಳಿಸುತ್ತದೆ. ಮಧ್ಯಾಹ್ನದ ಜೊಹರ್, ಇಳಿಹೊತ್ತಿನ ಅಸರ್‌ನಲ್ಲಿ ‘ಅಲ್ಲಾಹು ಅಕ್ಬರ್’ ಎಂಬ ತಕ್ಬೀರ್, ಸಲಾಮ್‌ನಂಥವು ಬಿಟ್ಟರೆ ಎಲ್ಲ ಮೌನ.

ಎಡವಟ್ಟು ಆಗುವುದು ಈ ನಿಲುವಿನಿಂದಲೇ. ಗಂಡಸರ ಇಮಾಮ್ ಎಲ್ಲರಿಗೂ ಕಾಣುತ್ತಾರೆ. ಸಾಲಿನೊಳಗೆ ನಿಂತವರು ಪಕ್ಕದ ಇಬ್ಬರು ಮೂವರಿಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ. ತುದಿಯವರು ಧ್ವನಿಯನ್ನೇ ನಂಬಬೇಕು. ತಕ್ಬೀರನ್ನು ಬಹಳ ಎಳೆದರೆ ‘ಅಲ್ಲಾಹು’ ಅನ್ನುವಷ್ಟರಲ್ಲೇ ತುದಿಯವರು ರುಕೂಗೆ ಬಗ್ಗಿರುತ್ತಾರೆ, ಇಮಾಮ್ ಇನ್ನೂ ನಿಂತೇ ಇರುತ್ತಾರೆ. ಇಮಾಮ್‌ಗಿಂತ ಮೊದಲು ಹೋಗುವುದು ತಪ್ಪು. ಆದ್ದರಿಂದ ತಕ್ಬೀರ್ ಚಿಕ್ಕದಾಗಿ, ಮೈ ಬಗ್ಗುವ ಜತೆಗೇ ಶುರುವಾಗಿ ಅದರ ಜತೆಗೇ ಮುಗಿಯಬೇಕು. ಹಿಂದಿನವರು ಪೂರಾ ಕೇಳಿದ ಮೇಲೆ ಬಗ್ಗಬೇಕು. ಎರಡು ಮೂರು ಸಾಲುಗಳಾದರೆ ನಡುವೆ ಒಬ್ಬರು ತಕ್ಬೀರನ್ನು ಮತ್ತೆ ಹೇಳಲು ಗೊತ್ತಿರಲಿ. ಆ ಒಬ್ಬರು ಯಾರೆಂದು ನಮಾಜಿಗೆ ಮೊದಲೇ ತೀರ್ಮಾನವಾಗಿರಬೇಕು, ಇಲ್ಲದಿದ್ದರೆ ನಾಲ್ವರು ಒಟ್ಟಿಗೆ ಹೇಳಿ ಗದ್ದಲವಾಗುತ್ತದೆ.

ಸ್ಪೀಕರ್ ಹಿಡಿದು ಮಾಡುವ ಕಡೆ ಇನ್ನೊಂದು ತೊಂದರೆ: ಹಣೆ ನೆಲಕ್ಕಿಟ್ಟು ಸಜ್ದಾದಲ್ಲಿದ್ದಾಗ ಕರೆಂಟ್ ಹೋಗುವುದು. ಇಮಾಮ್ ಎದ್ದರೋ ಇಲ್ಲವೋ ಗೊತ್ತಾಗದೆ ಕೆಲವರು ಕೂತು, ಕೆಲವರು ನಿಂತು ದಿಕ್ಕುತಪ್ಪುತ್ತಾರೆ. ನಮ್ಮಲ್ಲೂ ಮೇಲಿನ ಮಹಡಿಯಲ್ಲಿ ಹೆಂಗಸರಿಗೆ ಜಾಗ ಕೊಟ್ಟಿರುವ ಮಸೀದಿಗಳಲ್ಲಿ ಇದು ಆಗುವುದೇ. ಶಾಫಿಗಳಾದರೆ ಜಮಾಅತ್‌ನಿಂದ ಬೇರೆಯಾಗುವ ನಿಯತ್ (ಸಂಕಲ್ಪ) ಮಾಡಿ ಉಳಿದದ್ದನ್ನು ತಾವೇ ಪೂರೈಸಬಹುದು. ಇದನ್ನು ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಮಾತ್ರ ಆ ಹೊತ್ತಿಗೆ ನೆನಪಾಗುತ್ತದೆ.

ಮರೆತು ನಮಾಜಿನಲ್ಲಿ ಹೆಚ್ಚುಕಡಿಮೆಯಾದರೆ ಅದನ್ನು ಸರಿಪಡಿಸುವ ಸಜ್ದಾ ಸಹ್ವ್ ಇದೆ. ಹನಫಿಗಳು ಕೂತು ಅತ್ತಹಿಯ್ಯಾತ್ ಪ್ರಾರ್ಥನೆ ಓದಿ, ಬಲಕ್ಕೆ ಒಂದು ಸಲಾಮ್ ಹೇಳಿ, ಎರಡು ಸಜ್ದಾ ಮಾಡಿ, ಮತ್ತೆ ಅತ್ತಹಿಯ್ಯಾತ್‌ನಿಂದ ಶುರುಮಾಡಿ ಮುಗಿಸುತ್ತಾರೆ. ಶಾಫಿಗಳು ಸಲಾಮಿಗೆ ಮೊದಲೇ ಎರಡು ಸಜ್ದಾ ಮಾಡುತ್ತಾರೆ. ಎರಡೂ ಪಂಥದವರು ಒಂದೇ ಸಾಲಿನಲ್ಲಿದ್ದರೆ ನಡೆಸುವವರು ಯಾವ ರೀತಿ ಮಾಡುತ್ತೇನೆಂದು ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಇನ್ನು, ಹೆಂಗಸರ ಜಮಾಅತ್ ಒಬ್ಬರನ್ನೇ ನೆಚ್ಚಿಕೊಂಡು ನಡೆಯುವುದಿಲ್ಲ. ತಿಂಗಳಲ್ಲಿ ಕೆಲವು ದಿನ ಅವರಿಗೆ ನಮಾಜಿಲ್ಲ. ಆ ದಿನಗಳಿಗೆ ಇನ್ನೊಬ್ಬರು ತಯಾರಿರಬೇಕು, ಅವರೂ ಅಷ್ಟೇ ಕಲಿತಿರಬೇಕು. ಒಬ್ಬ ಒಳ್ಳೆಯ ಆಪಾ, ಅಂದರೆ ಕಲಿಸುವ ಅಕ್ಕ, ಸಿಕ್ಕರು ಎಂದು ಶುರುಮಾಡಿದ ಜಮಾಅತ್‌ಗಳು ನಿಂತುಹೋಗುವುದಕ್ಕೆ ಇದೂ ಒಂದು ಕಾರಣ.

ರಂಜಾನಿನ ರಾತ್ರಿಗಳ ತರಾವೀಹ್ ನಮಾಜಿನಲ್ಲಿ ಇದು ಇನ್ನೂ ಸ್ಪಷ್ಟ. ಇಪ್ಪತ್ತು ರಕಾತ್, ದಿನಕ್ಕೊಂದು ಪಾರಾ (ಕುರ್‌ಆನ್‌ನ ಮೂವತ್ತರಲ್ಲಿ ಒಂದು ಭಾಗ). ಪುಟಕ್ಕೆ ಹದಿನೈದು ಸಾಲಿನ ಕುರ್‌ಆನ್ ಪ್ರತಿಯಲ್ಲಿ ಪಾರಾಕ್ಕೆ ಸುಮಾರು ಇಪ್ಪತ್ತು ಪುಟ, ಅಂದರೆ ರಕಾತ್‌ಗೆ ಒಂದು ಪುಟ. ಕುರ್‌ಆನ್ ಬಾಯಿಪಾಠ ಮಾಡಿ ಹಾಫಿಜಾ ಆದ ಹುಡುಗಿಗೆ ಅದು ಪೂರಾ ನೆನಪಿನಲ್ಲಿ ಉಳಿಯಬೇಕಾದರೆ ವರ್ಷಕ್ಕೊಮ್ಮೆಯಾದರೂ ಹೀಗೆ ನಿಂತು ಓದಬೇಕು. ಗಂಡು ಹಾಫಿಜ್‌ಗಳಿಗೆ ಮಸೀದಿಗಳು ಇವೆ, ಕೇಳುಗರಿದ್ದಾರೆ, ಈದ್ ದಿನ ಕೈತುಂಬ ನಜರಾನಾ ಇದೆ. ಹುಡುಗಿ ಮದುವೆಯಾಗಿ ಹೋದ ಮನೆಯಲ್ಲಿ ಓದು ಒಪ್ಪಿಸಲು ಯಾರೂ ಇಲ್ಲದೆ ಪಾರಾಗಳು ಒಂದೊಂದಾಗಿ ಮಸುಕಾಗುತ್ತವೆ. ಈ ನಷ್ಟವನ್ನು ನೋಡಿಯೇ ಹನಫಿ ಉಲೆಮಾಗಳಲ್ಲೂ ಕೆಲವರು, ಮನೆಯೊಳಗೆ ಹೆಂಗಸರಷ್ಟೇ ಸೇರಿ ಹಾಫಿಜಾ ಹಿಂದೆ ತರಾವೀಹ್ ಮಾಡಿಕೊಳ್ಳಲಿ ಎಂದಿದ್ದಾರೆ.

ಓದು ಕಲಿಸುವುದು ನಿಧಾನದ ಕೆಲಸ. ಹುಯಿ ಅಜ್ಜಿಯರು ಅರಬ್ಬಿಯನ್ನು ಚೀನೀ ಉಚ್ಚಾರದಲ್ಲಿ ಬಾಯಿಪಾಠ ಮಾಡಿದವರು. ಚೀನೀ ಮಾತಿನಲ್ಲಿ ಒತ್ತಕ್ಷರದ ಜಾಗವಿಲ್ಲ, ಹಾಗಾಗಿ ‘ಅಕ್ಬರ್’ ನಾಲ್ಕು ತುಂಡಾಗಿ ‘ಐ-ಕ-ಬೈ-ಅರ್’ ಆಗುತ್ತದೆ. ನಮ್ಮ ದಖ್ಖನಿ ಮಾತಿನವರಲ್ಲಿ ಬೇರೆ ತೊಡಕು: ಗಂಟಲಿನಾಳದಿಂದ ಬರುವ ಅರಬ್ಬಿ ಅಕ್ಷರ ಕಾಫ್ ‘ಖ’ ಆಗಿಬಿಡುತ್ತದೆ, ಕನ್ನಡ, ಬ್ಯಾರಿ ಬಾಯಿಯವರಲ್ಲಿ ಅದು ಬರೀ ‘ಕ’. ಹೃದಯ ಎಂಬ ಅರ್ಥದ ಪದ ನಾಯಿ ಎಂಬ ಅರ್ಥಕ್ಕೆ ಜಾರುವುದು ಈ ಒಂದು ಅಕ್ಷರದಲ್ಲೇ. ನಾಲಿಗೆಯ ಬುಡ ಅಂಗುಳಿನ ಹಿಂಭಾಗಕ್ಕೆ ತಾಗುವುದನ್ನು ಕನ್ನಡಿ ಹಿಡಿಸಿ, ಬಾಯಿ ತೆರೆಸಿ ತೋರಿಸಬೇಕು. ಪಕ್ಕದಲ್ಲಿ ಕೂತು ಕಲಿಸುವವರು ಹೆಂಗಸಾಗಿದ್ದರೆ ಅರವತ್ತರ ಅಜ್ಜಿಯೂ ಸಂಕೋಚವಿಲ್ಲದೆ ಬಾಯಿ ತೆರೆಯುತ್ತಾರೆ.

ಹುಯಿ ಹೆಂಗಸರ ಹಳೆಯ ಪಾಠಗಳು ಹೆಚ್ಚಾಗಿ ಪಾರಸಿಯವು. ಐದು ನಮಾಜುಗಳನ್ನು ಅವರು ಇಂದಿಗೂ ಬಾಮ್‌ದಾದ್, ಪೇಶೀನ್, ದಿಗರ್, ಶಾಮ್, ಖುಫ್ತನ್ ಎಂಬ ಪಾರಸಿ ಹೆಸರುಗಳ ಚೀನೀ ರೂಪದಲ್ಲೇ ಕರೆಯುತ್ತಾರೆ. ಟಿಪ್ಪಣಿ ಬರೆದುಕೊಳ್ಳಲು ‘ಶಿಯಾವೋಜಿಂಗ್’ ಇತ್ತು, ಅರಬ್ಬಿ ಅಕ್ಷರದಲ್ಲಿ ಚೀನೀ ಮಾತು. ಅಕ್ಷರ ಬಾರದವರಿಗೆ ಹಾಡುಗಳಿದ್ದವು: ನಂಬಿಕೆಯ ಸೂತ್ರ, ವುಜೂ ಕ್ರಮ, ಸಾವಿನ ನೆನಪು ಎಲ್ಲವೂ ಚೀನೀ, ಅರಬ್ಬಿ, ಪಾರಸಿ ಬೆರೆತ ಸಾಲುಗಳಲ್ಲಿ. ವಿಜಯಪುರದ ಸೂಫಿಗಳ ಪರಂಪರೆಯಲ್ಲಿ 17–18ನೇ ಶತಮಾನದಲ್ಲಿ ಹುಟ್ಟಿದ ದಖ್ಖನಿ ಚಕ್ಕೀನಾಮಾ ಎಂಬ ಬೀಸುವ ಹಾಡುಗಳೂ ಇದೇ ಜಾತಿಯವು. ಬೀಸುಕಲ್ಲಿನ ಹಿಡಿ ಅರಬ್ಬಿಯ ಮೊದಲ ಅಕ್ಷರ ಅಲಿಫ್, ಅಂದರೆ ಅಲ್ಲಾಹ್; ನಡುವಿನ ಗೂಟ ಪ್ರವಾದಿ ಎಂದು ಹೆಂಗಸರು ಬೀಸುತ್ತ ಹಾಡಿದರು. ಹಾಡು ಕಟ್ಟಿದವರು ಸೂಫಿಗಳು ಇರಬಹುದು, ಮಕ್ಕಳ ಕಿವಿಗೆ ಮುಟ್ಟಿಸಿದವರು ಬೀಸುವವರು.

ಮಯ್ಯತ್ (ಶವ) ಮೀಯಿಸುವ ವಿಷಯಕ್ಕೆ ಬಂದರೆ ಹೆಂಗಸರ ಅಧಿಕಾರವನ್ನು ಯಾವ ಮಜ್ಹಬೂ ಪ್ರಶ್ನಿಸುವುದಿಲ್ಲ. ಪ್ರವಾದಿಯವರ ಮಗಳು ತೀರಿಕೊಂಡಾಗ ಮೀಯಿಸಿದವರಲ್ಲಿ ಉಮ್ಮು ಅತಿಯ್ಯಾ ಒಬ್ಬರು. ಮೂರು ಸಲ, ಐದು ಸಲ, ಬೇಕಾದರೆ ಇನ್ನೂ ಹೆಚ್ಚು ಸಲ, ಬೋರೆ ಎಲೆಯ ನೀರಲ್ಲಿ, ಕೊನೆಯ ಸಲ ಕರ್ಪೂರ ಹಾಕಿ, ಬಲಗಡೆಯಿಂದ ಶುರುಮಾಡಿ ಎಂಬ ಸೂಚನೆ ಅವರ ಮೂಲಕವೇ ನಮಗೆ ಬಂದಿದೆ.

ಕೈಫೆಂಗ್‌ನಲ್ಲಿರಲಿ ಕೋಲಾರದಲ್ಲಿರಲಿ, ಕೆಲಸಕ್ಕೆ ಮೂವರು ಬೇಕು: ಒಬ್ಬರು ನೀರು ಹೊಯ್ಯಲು, ಒಬ್ಬರು ತೊಳೆಯಲು, ಒಬ್ಬರು ಮಗ್ಗುಲು ತಿರುಗಿಸಿ ಹಿಡಿಯಲು. ನೀರು ಉಗುರುಬೆಚ್ಚಗಿರಬೇಕು. ಅವಸರದಲ್ಲಿ ಒಲೆಯಿಂದ ಇಳಿಸಿದ ಬಿಸಿನೀರು ಹಾಗೇ ಹೊಯ್ದರೆ ಮೃತದೇಹದ ಚರ್ಮ ಕಿತ್ತು ಬರಬಹುದು. ಮೊಣಕೈಗೆ ಹನಿ ಬಿಟ್ಟು ನೋಡಿಯೇ ಶುರುಮಾಡಬೇಕು. ತೊಳೆಯುವವರ ಕೈಗೆ ಬಟ್ಟೆಯ ಚೀಲ, ದೇಹದ ಮೇಲೆ ಹೊದಿಕೆ, ಹೊದಿಕೆಯ ಕೆಳಗೇ ಕೈ ಹೋಗಬೇಕು. ತಲೆಯ ಭಾಗವನ್ನು ಸ್ವಲ್ಪ ಎತ್ತಿ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಾರೆ. ಜೋರಾಗಿ ಒತ್ತುವುದು ಹೊಸಬರ ತಪ್ಪು, ಬಸಿರಿನಲ್ಲಿ ತೀರಿಕೊಂಡವರಾದರೆ ಒತ್ತಲೇಬಾರದು. ವುಜೂ ಮಾಡಿಸುವಾಗ ಹನಫಿಗಳು ಬಾಯಿಗೆ ಮೂಗಿಗೆ ನೀರು ಹಾಕದೆ ಒದ್ದೆ ಹತ್ತಿಯಿಂದ ಒರೆಸುತ್ತಾರೆ. ಎಡ ಮಗ್ಗುಲಿಗೆ ಹೊರಳಿಸಿ ಮೊದಲು ಬಲಭಾಗ, ಆಮೇಲೆ ಎಡಭಾಗ. ಬಳೆ, ಮೂಗುಬೊಟ್ಟು, ಕಾಲುಂಗುರ ಊದಿದ ಮೈಯಲ್ಲಿ ಸಿಕ್ಕಿಕೊಂಡಿದ್ದರೆ ಸೋಪಿನ ನೊರೆ ಹಚ್ಚಿ ತಿರುಗಿಸಬೇಕು, ಎಳೆಯಬಾರದು. ಪೋಸ್ಟ್‌ಮಾರ್ಟಂ ಆದ ದೇಹವಾದರೆ ಹೊಲಿಗೆಯ ಮೇಲೆ ಹತ್ತಿ ಇಟ್ಟು ಪಟ್ಟಿ ಕಟ್ಟಿದ ಮೇಲೇ ಕಫನ್ (ಶವಕ್ಕೆ ಹೊದಿಸುವ ಬಟ್ಟೆ). ಇಲ್ಲದಿದ್ದರೆ ಬಿಳಿ ಬಟ್ಟೆಯಲ್ಲಿ ಕಲೆ ಮೂಡಿ ನೋಡಿದ ಮಕ್ಕಳ ಮನಸ್ಸಿನಲ್ಲಿ ಅದೇ ಉಳಿಯುತ್ತದೆ.

ಗಂಡಸಿಗೆ ಕಫನ್ ಮೂರು ತುಂಡು, ಹೆಂಗಸಿಗೆ ಐದು: ಹೊರಹೊದಿಕೆ, ಇಜಾರ್ (ಒಳಹೊದಿಕೆ), ಕುರ್ತಾ, ತಲೆಗೆ ಓಢನಿ, ಎದೆಪಟ್ಟಿ. ಹನಫಿಗಳು ಕೂದಲನ್ನು ಎರಡು ಜಡೆ ಮಾಡಿ ಕುರ್ತಾದ ಮೇಲೆ ಎದೆಗೆ ಇಳಿಬಿಡುತ್ತಾರೆ. ಶಾಫಿಗಳು ಮೂರು ಜಡೆ ಹೆಣೆದು ಬೆನ್ನಿಗೆ ಬಿಡುತ್ತಾರೆ. ಒಳಗೆ ಕಂಡ ಗಾಯ, ಕಾಯಿಲೆಯ ಗುರುತು ಹೊರಗೆ ಹೇಳುವಂತಿಲ್ಲ. ಈ ಗುಟ್ಟು ಕಾಯುವ ಗುಣವೇ ಆಕೆಯನ್ನು ಉಳಿದ ವಿಷಯಗಳಿಗೂ ನಂಬಿಕಸ್ತಳನ್ನಾಗಿ ಮಾಡುತ್ತದೆ. ತಾಯಿಯನ್ನು ಮೀಯಿಸಿದವರ ಹತ್ತಿರವೇ ಮಗಳು ಮುಂದೆ ತನ್ನ ಗಂಡನ ಹೊಡೆತದ ಬಗ್ಗೆ, ತಲಾಖಿನ ಬಗ್ಗೆ ಬಾಯಿ ಬಿಡುತ್ತಾಳೆ.

ಇಷ್ಟೆಲ್ಲ ಮಾಡುವ ಅಹೊಂಗ್‌ಗೆ ಏನು ಸಿಗುತ್ತದೆ? ಮಸೀದಿಯ ಆಡಳಿತ ಸಮಿತಿ ಆಕೆಯನ್ನು ಆಹ್ವಾನಿಸಿ ಗೊತ್ತಾದ ಅವಧಿಗೆ ನೇಮಿಸುತ್ತದೆ, ಸಾಮಾನ್ಯವಾಗಿ ಮೂರು ವರ್ಷ. ಓದು ಮುಗಿಸಿದವರಿಗೆ ನಿಲುವಂಗಿ ತೊಡಿಸುವ ಸಮಾರಂಭ ಇದೆ. ಇರಲು ಮಸೀದಿಯಲ್ಲೇ ಕೋಣೆ. ಆದಾಯ ಸಣ್ಣದು, ಸಾವು, ವರ್ಷಾಂತಿಕ, ರಂಜಾನ್ ಹೊತ್ತಿಗೆ ಮನೆಯವರು ಕೊಡುವ ‘ನಿಯೆತಿಯೆ’ ಕಾಣಿಕೆಯೇ ಹೆಚ್ಚಿನ ಕಡೆ ಆಧಾರ. ಕೆಲವು ನ್ಯುಸಿಗಳು ಸ್ವತಂತ್ರವಾಗಿ ನೋಂದಣಿಯಾಗಿ ತಮ್ಮ ಲೆಕ್ಕ ತಾವೇ ಇಡುತ್ತವೆ. ಉಳಿದವು ಗಂಡಸರ ಮಸೀದಿಯ ಕೈಕೆಳಗಿವೆ. ಸೂರು ಸೋರಿದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ: ಲೆಕ್ಕ ಕೈಯಲ್ಲಿದ್ದವರು ಹೆಂಚು ತರಿಸುತ್ತಾರೆ, ಇಲ್ಲದವರು ಇನ್ನೊಂದು ಸಮಿತಿಯ ಸಭೆಗೆ ಕಾಯುತ್ತಾರೆ.

ಕಷ್ಟಗಳೂ ಇವೆ. 1958ರ ಸುಧಾರಣಾ ಅಭಿಯಾನದಲ್ಲಿ, ಆಮೇಲೆ 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮಸೀದಿಗಳು ಮುಚ್ಚಿದವು. 1978ರ ನಂತರ ಮತ್ತೆ ತೆರೆದಾಗ ಹಳೆಯ ಪಾರಸಿ ಪಾಠ ಬಲ್ಲವರು ವಯಸ್ಸಾದವರಷ್ಟೇ. ವಾಯವ್ಯದ ಗಾನ್ಸು ಪ್ರಾಂತ್ಯದ ಕಡೆ ಹೆಂಗಸರ ಮಸೀದಿಯ ರೂಢಿ ಇರಲಿಲ್ಲ. ಅಲ್ಲಿ 1980ರ ದಶಕದಿಂದ ಹೆಣ್ಣುಮಕ್ಕಳ ಅರಬ್ಬಿ ಶಾಲೆಗಳು ಬೆಳೆದವು. ಅರಬ್ಬಿ ಕಲಿತ ಹುಡುಗಿಯರಿಗೆ ಅಜ್ಜಿಯರ ಉಚ್ಚಾರ ತಪ್ಪಾಗಿ ಕೇಳುತ್ತದೆ; ಅಜ್ಜಿಯರಿಗೆ ಆ ಹುಡುಗಿಯರಿಗೆ ಸಾವಿನ ಮನೆಯಲ್ಲಿ ಹೇಗಿರಬೇಕೆಂದು ಗೊತ್ತಿಲ್ಲ ಅನ್ನಿಸುತ್ತದೆ. ಇಬ್ಬರ ಮಾತಿನಲ್ಲೂ ನಿಜವಿದೆ. ಇದರ ಮೇಲೆ ಇತ್ತೀಚಿನ ವರ್ಷಗಳಲ್ಲಿ 18 ತುಂಬದವರಿಗೆ ಧರ್ಮಪಾಠ ಹೇಳುವುದರ ಮೇಲಿನ ಸರ್ಕಾರಿ ನಿರ್ಬಂಧ ಬಿಗಿಯಾಗಿದೆ. ಮುಂದಿನ ಅಹೊಂಗ್ ಎಲ್ಲಿಂದ ಬರಬೇಕು ಎಂಬುದು ಅಲ್ಲಿನ ನಿಜವಾದ ಚಿಂತೆ.

ನಮ್ಮ ಮೊಹಲ್ಲಾಗಳಲ್ಲಿ ಆ ನಿರ್ಬಂಧವಿಲ್ಲ. ಮನೆಯ ಪಡಸಾಲೆಯಲ್ಲಿ ಕಾಯ್ದಾ (ಅರಬ್ಬಿ ಓದಿನ ಮೊದಲ ಪುಸ್ತಕ) ಕಲಿಸುವ ಆಪಾ ಇದ್ದಾರೆ, ಹೆಣ್ಣುಮಕ್ಕಳ ಮದ್ರಸಾಗಳಿಂದ ಪ್ರತಿವರ್ಷ ಆಲಿಮಾಗಳು ಹೊರಬರುತ್ತಿದ್ದಾರೆ, ಮಯ್ಯತ್ ಮೀಯಿಸಲು ರಾತ್ರಿ ಎರಡಕ್ಕೂ ಎದ್ದು ಬರುವ ಹೆಂಗಸರಿದ್ದಾರೆ. ಮಸೀದಿಯ ಜಮಾಅತ್ ಕಮಿಟಿಯ ಪುಸ್ತಕದಲ್ಲಿ ಇಮಾಮ್, ಮುಅಜ್ಜಿನ್, ಗೋರಿ ತೋಡುವವರ ಹೆಸರು ಮತ್ತು ಸಂಬಳ ಇರುತ್ತದೆ. ಇವರ ಹೆಸರು ಇರುವುದಿಲ್ಲ. ಅದನ್ನು ಬರೆಯಲು ಯಾವ ಫತ್ವಾವೂ ಬೇಕಾಗಿಲ್ಲ, ಹನಫಿ ಶಾಫಿ ಎಂಬ ತಕರಾರೂ ಇದರಲ್ಲಿಲ್ಲ: ಮೊಹಲ್ಲಾಕ್ಕೆ ಇಬ್ಬರು ತರಬೇತಾದ ಹೆಂಗಸರು, ಅವರಿಗೆ ತಿಂಗಳ ಗೌರವಧನ, ನಲ್ಲಿಯಿರುವ ಒಂದು ಕೋಣೆ, ಅದರ ಬೀಗದ ಕೈ ಅವರ ಹತ್ತಿರ. ಮೀಯಿಸುವ ಹಲಗೆ, ಗಿಂಡಿ, ಐದು ತುಂಡಿನ ಎರಡು ಕಫನ್ ಯಾವಾಗಲೂ ಆ ಕೋಣೆಯಲ್ಲಿ ತಯಾರಿರಬೇಕು. ಒಂದು ಖರ್ಚಾದ ವಾರದೊಳಗೆ ಇನ್ನೊಂದಕ್ಕೆ ಬಟ್ಟೆ ತರಿಸುವ ಹಣ ಅವರ ಕೈಯಲ್ಲೇ ಇರಬೇಕು.